ನಡೆದೇ ಸೇರಿದ ಶಿಖರ್ಜಿ: ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರ ಉತ್ತರ ವಿಹಾರ



ಚಾರಿತ್ರ ಚಕ್ರವರ್ತಿ ಎಂದು ಇಡೀ ಸಮಾಜ ಕರೆಯುವ ಪರಮಪೂಜ್ಯ ಆಚಾರ್ಯ ಶಾಂತಿಸಾಗರ ಮಹಾರಾಜರು ನಮ್ಮ ಕರ್ನಾಟಕದವರು ಎಂಬುದು ಇಂದಿನ ಎಷ್ಟೋ ಯುವಕರಿಗೆ ಗೊತ್ತಿಲ್ಲ. ಅವರ ಹೆಸರು ದೆಹಲಿ, ಜೈಪುರ, ಉದಯಪುರದ ಕಡೆ ಅಷ್ಟು ದೊಡ್ಡದಾಗಿರುವುದರಿಂದ ಅವರು ಉತ್ತರದವರೇ ಇರಬೇಕು ಎಂದುಕೊಂಡವರನ್ನು ನಾನು ನೋಡಿದ್ದೇನೆ. ಅವರು ಉತ್ತರಕ್ಕೆ ಹೋದದ್ದು 55ನೆಯ ವಯಸ್ಸಿನಲ್ಲಿ. ಹೋದದ್ದು ಕಾಲ್ನಡಿಗೆಯಲ್ಲಿ. ಈ ಲೇಖನ ಮುಖ್ಯವಾಗಿ ಆ ಪ್ರಯಾಣಕ್ಕೆ ಆದ ಸಿದ್ಧತೆಯ ಕುರಿತು.

ಪೂಜ್ಯರು ಹುಟ್ಟಿದ್ದು 1872ರಲ್ಲಿ, ತಾಯಿಯ ತವರೂರಾದ ಯಳಗೂಡಿನಲ್ಲಿ. ಬೆಳೆದದ್ದು ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದಲ್ಲಿ. ದೂಧಗಂಗಾ ಮತ್ತು ವೇದಗಂಗಾ ನದಿಗಳು ಕೂಡುವ ಫಲವತ್ತಾದ ಸೀಮೆ ಅದು. ತಂದೆ ಭೀಮಗೌಡ ಪಾಟೀಲರು ಊರಿನ ಗೌಡರು, ತಾಯಿ ಸತ್ಯವತಿ. ಮಗುವಿಗೆ ಇಟ್ಟ ಹೆಸರು ಸಾತಗೌಡ. ಆ ಕಾಲದ ಪದ್ಧತಿಯಂತೆ ಒಂಬತ್ತನೆಯ ವಯಸ್ಸಿಗೇ ಮದುವೆಯಾಯಿತು. ಆ ಹುಡುಗಿ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡಳು. ಮುಂದೆ ಮನೆಯವರು ಎಷ್ಟು ಒತ್ತಾಯಿಸಿದರೂ ಸಾತಗೌಡರು ಮರುಮದುವೆಗೆ ಒಪ್ಪಲಿಲ್ಲ.

ದೇಹಬಲ ಬಹಳವಿತ್ತು. ಎತ್ತುಗಳು ಎಳೆಯುವ ಮೊಟ್ಟೆಯನ್ನು ಒಬ್ಬರೇ ಎಳೆಯುತ್ತಿದ್ದರು ಎಂದು ಆ ಭಾಗದಲ್ಲಿ ಹೇಳುತ್ತಾರೆ. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸುತ್ತಿರಲಿಲ್ಲವಂತೆ, ಅವುಗಳಿಗೆ ಕುಡಿಯಲು ನೀರನ್ನೂ ಇಡುತ್ತಿದ್ದರಂತೆ. ಮನೆತನದ ಬಟ್ಟೆ ಅಂಗಡಿಯಲ್ಲೂ ಕೂರುತ್ತಿದ್ದರು. ಗಿರಾಕಿ ಬಂದರೆ ಬೇಕಾದ ಬಟ್ಟೆಯನ್ನು ತಾವೇ ಅಳೆದು ತೆಗೆದುಕೊಂಡು, ಲೆಕ್ಕವನ್ನೂ ತಾವೇ ಬರೆದಿಟ್ಟು ಹೋಗುವಂತೆ ಹೇಳಿ ಶಾಸ್ತ್ರ ಓದುತ್ತಿದ್ದರು ಎಂದು ಚರಿತ್ರೆಕಾರರು ಬರೆದಿದ್ದಾರೆ. ನಾನೂ ನಲವತ್ತು ವರ್ಷ ಬಟ್ಟೆ ಅಳೆದೇ ಬದುಕಿದವನು. ಆ ರೀತಿ ಅಂಗಡಿ ನಡೆಸಿ ನಷ್ಟವಾಗದೆ ಉಳಿಯಬೇಕಾದರೆ ಊರಿನವರಿಗೆ ಆ ಮನುಷ್ಯನ ಮೇಲೆ ಎಂಥ ಗೌರವ ಇದ್ದಿರಬೇಕು ಎಂದು ಯೋಚಿಸುತ್ತೇನೆ.

ಸಾತಗೌಡರು ಮೊದಲ ಬಾರಿ ಸಮ್ಮೇದ ಶಿಖರ್ಜಿಗೆ ಹೋದದ್ದು ಗೃಹಸ್ಥರಾಗಿದ್ದಾಗಲೇ, 32ರ ಆಸುಪಾಸಿನ ವಯಸ್ಸಿನಲ್ಲಿ. 20 ತೀರ್ಥಂಕರರು ಮೋಕ್ಷ ಹೊಂದಿದ ಆ ಪರ್ವತದ ವಂದನೆಗೆ ಹತ್ತುವುದು, ಸುತ್ತುವುದು, ಇಳಿಯುವುದು ಎಲ್ಲ ಸೇರಿ 27 ಕಿ.ಮೀ. ನಡೆಯಬೇಕು. ಬೆಟ್ಟ ಹತ್ತಲಾರದೆ ಕುಳಿತಿದ್ದ ಒಬ್ಬ ವೃದ್ಧೆಯನ್ನು ಅವರು ಬೆನ್ನ ಮೇಲೆ ಹೊತ್ತು ವಂದನೆ ಮಾಡಿಸಿದರೆಂಬ ಕಥೆ ಪ್ರಸಿದ್ಧ. ಅಲ್ಲಿಯೇ ತುಪ್ಪ ಮತ್ತು ಎಣ್ಣೆಯನ್ನು ಬಿಟ್ಟರು. ಊರಿಗೆ ಬಂದ ಮೇಲೆ ದಿನಕ್ಕೆ ಒಂದೇ ಊಟದ ನಿಯಮ ಹಿಡಿದರು. ದೀಕ್ಷೆಯ ಆಸೆ ಆಗಲೇ ಇತ್ತು. ಆದರೆ ತಂದೆ ತಾಯಿ ಇರುವವರೆಗೆ ಮನೆ ಬಿಡಬಾರದೆಂಬ ತಂದೆಯ ಮಾತಿಗೆ ಕಟ್ಟುಬಿದ್ದರು. ತಂದೆ ತೀರಿದರು, 1912ರಲ್ಲಿ ತಾಯಿಯೂ ತೀರಿದರು. ಆಮೇಲೆಯೇ ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆ. ಗಿರನಾರಿನಲ್ಲಿ ನೇಮಿನಾಥ ಸ್ವಾಮಿಯ ಸನ್ನಿಧಿಯಲ್ಲಿ ಐಲಕರಾದರು. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ. 1924ರಲ್ಲಿ ಸಾಂಗಲಿ ಹತ್ತಿರದ ಸಮಡೋಳಿಯಲ್ಲಿ ಚತುಸ್ಸಂಘವು ಅವರನ್ನು ಆಚಾರ್ಯ ಪದವಿಯಲ್ಲಿ ಕೂರಿಸಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಆ ಕಾಲಕ್ಕೆ ದಿಗಂಬರ ಮುನಿಗಳು ಉಳಿದಿದ್ದದ್ದು ಹೆಚ್ಚಾಗಿ ದಕ್ಷಿಣದಲ್ಲಿ, ಅದೂ ಬೆರಳೆಣಿಕೆಯಷ್ಟು. ಅವರಲ್ಲೂ ಅನೇಕರು ಊರೊಳಗೆ ಬರುವಾಗ ಬಟ್ಟೆ ಹೊದ್ದುಕೊಂಡು ಬರುತ್ತಿದ್ದರು, ಮೊದಲೇ ಗೊತ್ತುಮಾಡಿದ ಮನೆಯಲ್ಲಿ ಆಹಾರ ಸ್ವೀಕರಿಸುತ್ತಿದ್ದರು. ಅಧಿಕಾರಿಗಳ ಭಯ, ಜನರ ನಗೆಯ ಭಯ, ಎರಡೂ ಇತ್ತು. ಶಾಂತಿಸಾಗರರು ಇದನ್ನು ಒಪ್ಪಲಿಲ್ಲ. ಶಾಸ್ತ್ರದಲ್ಲಿ ಹೇಳಿದ 28 ಮೂಲಗುಣಗಳನ್ನು ಹೇಳಿದ ಹಾಗೆಯೇ ಪಾಲಿಸುವುದೆಂದು ನಿಂತರು. ಆಹಾರ ಸರಿಯಾದ ವಿಧಿಯಲ್ಲಿ ಸಿಗದ ದಿನ ಹಾಗೆಯೇ ಹಿಂದಿರುಗಿ ಉಪವಾಸ ಮಾಡಿದರು. ಶ್ರಾವಕರು ನಿಧಾನವಾಗಿ ವಿಧಿಯನ್ನು ಕಲಿತರು.

ಇಂಥವರನ್ನು ಉತ್ತರ ಭಾರತಕ್ಕೆ ಕರೆದೊಯ್ಯಬೇಕೆಂದು ಮುಂಬಯಿಯ ಶೇಠ್ ಪೂನಮಚಂದ ಘಾಸೀಲಾಲ ಜವೇರಿ ಮನೆತನದವರು ಬಿನ್ನವಿಸಿಕೊಂಡರು. ಸಂಘವನ್ನು ಶಿಖರ್ಜಿಯವರೆಗೆ ನಡೆಸಿಕೊಂಡು ಹೋಗುವ ಹೊಣೆ ತಮ್ಮದು ಎಂದರು. 1927ರ ಚಾತುರ್ಮಾಸ್ಯ ಕೊಲ್ಹಾಪುರ ಸೀಮೆಯ ಕುಂಭೋಜ ಬಾಹುಬಲಿ ಕ್ಷೇತ್ರದಲ್ಲಿ. ಅದು ಮುಗಿದ ಮೇಲೆ ಹೊರಡುವುದೆಂದು ತೀರ್ಮಾನವಾಯಿತು.

ಈಗ ಸಿದ್ಧತೆಗೆ ಬರೋಣ. ಪೂಜ್ಯರ ಕಡೆಯಿಂದ ಸಿದ್ಧತೆ ಏನೂ ಇಲ್ಲ. ಪಿಂಛಿ, ಕಮಂಡಲು, ಒಂದು ಶಾಸ್ತ್ರ ಗ್ರಂಥ, ಇಷ್ಟೇ. ಮುನಿಯು ವಾಹನ ಹತ್ತುವಂತಿಲ್ಲ, ಹಣ ಮುಟ್ಟುವಂತಿಲ್ಲ, ರಾತ್ರಿ ನಡೆಯುವಂತಿಲ್ಲ. ಮಳೆಗಾಲದ ನಾಲ್ಕು ತಿಂಗಳು ಊರು ಬಿಡುವಂತಿಲ್ಲ. ದಿನಕ್ಕೆ ಒಂದೇ ಬಾರಿ, ನಿಂತು, ಕೈಯಲ್ಲೇ ಆಹಾರ ಮತ್ತು ನೀರು. ಸಾಮಾನು ಕಟ್ಟುವ ಕೆಲಸ ಹೋಗುವವರಿಗೆ ಇರಲಿಲ್ಲ, ಕರೆದುಕೊಂಡು ಹೋಗುವವರಿಗೆ ಇತ್ತು!

ಲೆಕ್ಕ ಹಾಕಿ ನೋಡಿ. ಕುಂಭೋಜದಿಂದ ಶಿಖರ್ಜಿಗೆ ದಾರಿ ಒಂದೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಕಾರ್ತಿಕ ಕಳೆದು ಹೊರಟರೆ ಬೇಸಿಗೆ ಬಲಿಯುವ ಮೊದಲು ಸೇರಬೇಕು. ನಾಲ್ಕು ತಿಂಗಳು ಎಂದರೆ 120 ದಿನ. ಒಂದು ದಿನವೂ ನಿಲ್ಲದೆ ನಡೆದರೂ ದಿನಕ್ಕೆ 12-13 ಕಿ.ಮೀ. ಆಗುತ್ತದೆ. ಆದರೆ ದೊಡ್ಡ ಊರು ಬಂದಾಗ ಜನ ಬಿಡುವುದಿಲ್ಲ, ಕೇಶಲೋಚ, ಉಪವಾಸ, ಅಷ್ಟಮಿ ಚತುರ್ದಶಿಗಳೂ ಇರುತ್ತವೆ. ಹಾಗಾಗಿ ನಡೆಯುವ ದಿನ ಇನ್ನೂ ಹೆಚ್ಚು ನಡೆಯಲೇಬೇಕು. ದಾರಿಯಲ್ಲಿ ಜೈನರ ಮನೆಯೇ ಇಲ್ಲದ ಊರುಗಳು ಎಷ್ಟೋ. ಅಲ್ಲಿ ಆಹಾರ ಕೊಡುವವರು ಯಾರು? ಆದ್ದರಿಂದ ಚೌಕವೇ ಸಂಘದ ಜೊತೆ ನಡೆಯಬೇಕಾಯಿತು. ಶ್ರಾವಕರ ಕುಟುಂಬಗಳು ಹೊರಟವು, ಪಾತ್ರೆ, ಧಾನ್ಯ, ಬೀಸುವ ಕಲ್ಲು, ಡೇರೆ ಎಲ್ಲವೂ ಬೇಕಾಯಿತು.

ಧಾನ್ಯ ಇದ್ದರೆ ಸಾಲದು. ಹಿಟ್ಟಿಗೆ ಮರ್ಯಾದೆ ಉಂಟು: ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3. ಅದರ ಮೇಲಿನದು ಮುನಿಗಳ ಆಹಾರಕ್ಕೆ ಬರುವುದಿಲ್ಲ. ಅಂದರೆ ಮೂಟೆಗಟ್ಟಲೆ ಹಿಟ್ಟು ಮಾಡಿಸಿಕೊಂಡು ಹೊರಡುವ ಹಾಗಿಲ್ಲ, ದಾರಿಯುದ್ದಕ್ಕೂ ಬೀಸುತ್ತಲೇ ಹೋಗಬೇಕು. ನೀರನ್ನು ಬಾವಿಯಿಂದ ಸೇದಿ, ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಅದೇ ಬಾವಿಗೆ ಮೆಲ್ಲನೆ ಬಿಡಬೇಕು. ಹಾಗೆ ಸೋಸಿದ ನೀರಿಗೂ ಮರ್ಯಾದೆ 48 ನಿಮಿಷ, ಅಷ್ಟರೊಳಗೆ ಕಾಯಿಸಬೇಕು. ಹಾಲೂ ಹಾಗೆಯೇ, ಕರೆದ 48 ನಿಮಿಷದೊಳಗೆ ಕಾಯಬೇಕು. ಪ್ರತಿ ನಿಲುಗಡೆಯಲ್ಲಿ ಬಾವಿ ಇದೆಯೇ, ಹಸು ಇದೆಯೇ, ನೆರಳಿದೆಯೇ ಎಂದು ಮೊದಲೇ ಯಾರಾದರೂ ಹೋಗಿ ನೋಡಿಕೊಂಡು ಬರಬೇಕು. ಇಷ್ಟೆಲ್ಲ ಮಾಡಿ ಚೌಕ ಹಾಕಿ ನಿಂತರೂ, ಮುನಿಗಳು ಮನಸ್ಸಿನಲ್ಲಿ ಹಿಡಿದ ಸಂಕಲ್ಪ ಕೂಡಿಬರದಿದ್ದರೆ ಆಹಾರವಿಲ್ಲದೆ ಹಿಂದಿರುಗುತ್ತಾರೆ. ಮರುದಿನ ಅದೇ ಹೊಟ್ಟೆಯಲ್ಲಿ ಮತ್ತೆ ನಡಿಗೆ.

ನಮ್ಮ ಕಡೆ ವಿಹಾರ ಸೇವೆ ಮಾಡಿದವರಿಗೆ ಇದು ಅರ್ಥವಾಗುತ್ತದೆ. ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೋ ಮೈಸೂರಿಗೋ ಸಂಘ ಹೊರಟರೆ ರಾಮನಗರ, ಚನ್ನಪಟ್ಟಣದ ಮೇಲೆ ಬರುತ್ತದೆ, ಇಲ್ಲವೇ ಮಾಗಡಿ, ಕುಣಿಗಲ್ ದಾರಿ ಹಿಡಿಯುತ್ತದೆ. ರಾಮನಗರದಿಂದ ಚನ್ನಪಟ್ಟಣ 12 ಕಿ.ಮೀ. ಮಾತ್ರ, ಒಂದು ಬೆಳಗಿನ ನಡಿಗೆ. ಆ ಒಂದು ಬೆಳಗಿಗೇ ನಾವು ಮೂರು ದಿನ ಮೊದಲಿಂದ ಓಡಾಡುತ್ತೇವೆ. ತಂಗಲು ಶಾಲೆಯೋ ಕಲ್ಯಾಣ ಮಂಟಪವೋ ಸಿಗಬೇಕು, ಸರ್ವಿಸ್ ರಸ್ತೆಯಲ್ಲಿ ಲಾರಿಗಳಿಂದ ಕಾಯಲು ಹುಡುಗರು ಬೇಕು, ಪೊಲೀಸ್ ಠಾಣೆಗೆ ತಿಳಿಸಬೇಕು. ಕನಕಪುರ ದಾರಿಯಲ್ಲಾದರೆ ಚೌಕಕ್ಕೆ ಮನೆ ಹುಡುಕುವುದೇ ದೊಡ್ಡ ಕೆಲಸ. ಇದೆಲ್ಲ ಕೈಯಲ್ಲಿ ಮೊಬೈಲು, ಹಿಂದೆ ಕಾರು ಇಟ್ಟುಕೊಂಡು. 1927ರಲ್ಲಿ ಮುಂದಿನ ಊರಿಗೆ ಸುದ್ದಿ ಹೋಗಬೇಕಾದರೆ ಕಾಗದ, ತಂತಿ, ಇಲ್ಲವೇ ಒಬ್ಬ ಮನುಷ್ಯ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಆಗ ದೇಶ ಒಂದು ಆಡಳಿತದಲ್ಲಿ ಇರಲಿಲ್ಲ. ಒಂದು ಕಡೆ ಬ್ರಿಟಿಷರ ಪ್ರಾಂತ್ಯ, ಮತ್ತೊಂದು ಕಡೆ ಸಂಸ್ಥಾನ, ನಡುವೆ ನಿಜಾಮರ ರಾಜ್ಯ. ನಗ್ನ ಸಾಧುಗಳು ಹಾದುಹೋಗಲು ಒಂದು ಗಡಿಯಲ್ಲಿ ಸಿಕ್ಕ ಒಪ್ಪಿಗೆ ಇನ್ನೊಂದು ಗಡಿಯಲ್ಲಿ ನಡೆಯುತ್ತದೆ ಎಂದೇನೂ ಇಲ್ಲ. ಶ್ರಾವಕರು ಅಂಜಿದ್ದು ಇದಕ್ಕೆ. ಪೂಜ್ಯರು ಮಾತ್ರ ಬಟ್ಟೆ ಹೊದ್ದು ಗಡಿ ದಾಟುವ ಮಾತಿಗೆ ಅವಕಾಶವನ್ನೇ ಕೊಡಲಿಲ್ಲ. ಎಲ್ಲಿ ತಡೆದರೆ ಅಲ್ಲಿ ಧ್ಯಾನಕ್ಕೆ ಕೂರುವುದು ಎಂಬುದೇ ಅವರ ಮಾರ್ಗ. ನನ್ನ ತಿಳುವಳಿಕೆಯಲ್ಲಿ ಅವರ ನಿಜವಾದ ಸಿದ್ಧತೆ ಇದೇ. ಅದು ಕುಂಭೋಜದಲ್ಲಿ ಆದದ್ದಲ್ಲ, ಮೈಮೇಲೆ ಸರ್ಪ ಹರಿದಾಗಲೂ ಕದಲದೆ ಕುಳಿತ ಕೊಗನೋಳಿ, ಕೊಣ್ಣೂರುಗಳ ದಿನಗಳಲ್ಲೇ ಆಗಿಹೋಗಿತ್ತು.

ಸಂಘ ಹೊರಟಿತು. ನಿಜಾಮರ ರಾಜ್ಯ ದಾಟಿ, ನಾಗಪುರದಲ್ಲಿ ಭಾರೀ ಸ್ವಾಗತ ಪಡೆದು, ಛತ್ತೀಸಗಡದ ಕಾಡುದಾರಿಯಲ್ಲಿ ಸಾಗಿ, 1928ರ ಮೊದಲ ತಿಂಗಳುಗಳಲ್ಲಿ ಶಿಖರ್ಜಿ ಸೇರಿತು. ಅಲ್ಲಿ ದೊಡ್ಡ ಪಂಚಕಲ್ಯಾಣ ಮಹೋತ್ಸವ ನಡೆಯಿತು, ಲೆಕ್ಕವಿಲ್ಲದಷ್ಟು ಜನ ಬಂದರು. ಅವರಲ್ಲಿ ಬಹಳ ಮಂದಿ ತಮ್ಮ ಜೀವನದಲ್ಲಿ ದಿಗಂಬರ ಮುನಿಯನ್ನು ನೋಡಿದ್ದು ಅದೇ ಮೊದಲು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ನಿಂತಿತ್ತು.

ಹೋದ ಕೆಲಸ ವಂದನೆ, ಅದು ಮುಗಿಯಿತು. ಆದರೆ ಉತ್ತರದವರು ಅವರನ್ನು ಹಿಂದಕ್ಕೆ ಬಿಡಲಿಲ್ಲ. 1928ರ ಚಾತುರ್ಮಾಸ್ಯ ಕಟನಿಯಲ್ಲಿ ಆಯಿತು. ಆಮೇಲೆ ಲಲಿತಪುರ, ಮಥುರಾ, ದೆಹಲಿ, ಜೈಪುರ. 1933ರಲ್ಲಿ ಬ್ಯಾವರ್‌ನಲ್ಲಿ, ಅದೇ ಹೆಸರಿನ ಛಾಣಿಯ ಶಾಂತಿಸಾಗರ ಮಹಾರಾಜರೊಂದಿಗೆ ಒಟ್ಟಿಗೆ ಚಾತುರ್ಮಾಸ್ಯ ನಡೆಯಿತು. ಭೋಜದ ಕನ್ನಡಿಗ ಗೌಡರು ರಾಜಸ್ಥಾನದ ಜನರ ಗುರುಗಳಾದರು.

ಎಲ್ಲ ಕಡೆ ಹೂಮಾಲೆಯೇ ಇತ್ತು ಎಂದಲ್ಲ. ಧೋಲ್‌ಪುರ ಸಂಸ್ಥಾನದ ರಾಜಾಖೇಡಾದಲ್ಲಿ ನೂರಾರು ಜನರ ಗುಂಪು ಆಯುಧ ಹಿಡಿದು ಸಂಘದ ಮೇಲೆ ಬಂತು. ಶ್ರಾವಕರು ಅಡ್ಡ ನಿಂತು ಪೆಟ್ಟು ತಿಂದರು. ಪೊಲೀಸರು ಮುಖ್ಯ ಆರೋಪಿಗಳನ್ನು ಹಿಡಿದಾಗ, ಅವರನ್ನು ಬಿಡುವವರೆಗೆ ತಾವು ಆಹಾರಕ್ಕೆ ಏಳುವುದಿಲ್ಲ ಎಂದು ಪೂಜ್ಯರು ತಿಳಿಸಿದರು. ಬಿಟ್ಟರು. ದೆಹಲಿಯಲ್ಲಿ ಮುನಿಗಳು ಎಲ್ಲಿ ಬೇಕೆಂದರಲ್ಲಿ ಓಡಾಡಬಾರದೆಂಬ ಕಟ್ಟಳೆ ಇತ್ತು. ಪೂಜ್ಯರು ಬೇಕೆಂದೇ ನಗರದ ಮುಖ್ಯ ಸ್ಥಳಗಳಿಗೆ ನಡೆದು ಹೋದರು, ಅಲ್ಲಿ ಚಿತ್ರ ತೆಗೆಸಿಕೊಂಡರು ಎಂದು ಚರಿತ್ರೆಯಲ್ಲಿದೆ. ತಮ್ಮ ಚಿತ್ರದ ಮೇಲೆ ಅವರಿಗೆ ಆಸೆ ಇರಲಿಲ್ಲ, ಮುಂದೆ ಬರುವ ಮುನಿಗಳಿಗೆ ಒಂದು ದಾಖಲೆ ಇರಲಿ ಎಂಬುದು ಉದ್ದೇಶ. ನಾವು ವ್ಯಾಪಾರಿಗಳು ರಸೀದಿ ಇಟ್ಟುಕೊಳ್ಳುವ ಹಾಗೆ.

ಅವರ ನಿಯಮಗಳ ಬಿಗಿ, ಅದರಲ್ಲೂ ಆಹಾರ ನೀರಿನ ವಿಷಯದ ಬಿಗಿ, ಆಗಲೂ ಸಮಾಜದೊಳಗೆ ಚರ್ಚೆಗೆ ಕಾರಣವಾಗಿತ್ತು. 1947ರ ಮುಂಬಯಿ ದೇವಸ್ಥಾನ ಪ್ರವೇಶ ಕಾಯಿದೆಯನ್ನು ಜೈನ ಮಂದಿರಗಳಿಗೆ ಅನ್ವಯಿಸುವುದನ್ನು ವಿರೋಧಿಸಿ ಅವರು 1105 ದಿನ ಧಾನ್ಯ ಬಿಟ್ಟಿದ್ದರು. 1951ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಬಂದ ಮೇಲೆಯೇ ಧಾನ್ಯ ಸ್ವೀಕರಿಸಿದರು. ಈ ವಿಷಯದಲ್ಲಿ ಇಂದಿಗೂ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ನನಗೂ ಆ ಕಾಯಿದೆಯ ಉದ್ದೇಶ ತಪ್ಪೆಂದು ಅನಿಸುವುದಿಲ್ಲ. ಆದರೆ ಮೂರು ವರ್ಷ ಅನ್ನ ಬಿಟ್ಟ ಎಪ್ಪತ್ತೈದು ದಾಟಿದ ವೃದ್ಧರ ದೃಢತೆಯ ಮುಂದೆ ವಾದ ಮಾಡಲು ಬಾಯಿ ಬರುವುದಿಲ್ಲ. ಮೂಡಬಿದಿರೆಯ ಭಂಡಾರದಲ್ಲಿ ಓಲೆಗರಿಯ ಮೇಲೆ ಉಳಿದುಬಂದ ಧವಲಾದಿ ಸಿದ್ಧಾಂತ ಗ್ರಂಥಗಳನ್ನು ತಾಮ್ರಪತ್ರದಲ್ಲಿ ಕೆತ್ತಿಸಲು ಪ್ರೇರಣೆ ಕೊಟ್ಟವರೂ ಅವರೇ. ಆ ಪತ್ರಗಳು ಫಲಟಣದಲ್ಲಿವೆ.

ಕೊನೆಗೆ ಕಣ್ಣು ಮಂಜಾಯಿತು. ಮುನಿಯು ನಾಲ್ಕು ಮೊಳ ಮುಂದಿನ ನೆಲ ನೋಡಿ, ಜೀವ ಇಲ್ಲವೆಂದು ತಿಳಿದು ಹೆಜ್ಜೆ ಇಡಬೇಕು. ಅದೇ ಈರ್ಯಾ ಸಮಿತಿ. ನೆಲವೇ ಕಾಣದ ಮೇಲೆ ನಡೆಯುವುದು ಹೇಗೆ? ಸಾವಿರಾರು ಕಿಲೋಮೀಟರು ನಡೆದ ಕಾಲುಗಳಲ್ಲಿ ಶಕ್ತಿ ಇನ್ನೂ ಇತ್ತು, ಆದರೆ ವ್ರತ ಭಂಗವಾಗುವಂತೆ ಒಂದು ಹೆಜ್ಜೆಯನ್ನೂ ಇಡಲು ಅವರು ಸಿದ್ಧರಿರಲಿಲ್ಲ. ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ 1955ರ ಆಗಸ್ಟ್ 14ರಂದು ಯಮಸಲ್ಲೇಖನ ವ್ರತ ತೆಗೆದುಕೊಂಡರು. 36ನೆಯ ದಿನ, ಸೆಪ್ಟೆಂಬರ್ 18ರ ಬೆಳಿಗ್ಗೆ ಸಮಾಧಿ ಹೊಂದಿದರು.

ಅದಕ್ಕೆ ಕೆಲವು ವಾರ ಮೊದಲು, ವ್ರತದ ನಡುವೆಯೇ, ಆಚಾರ್ಯ ಪದವಿಯನ್ನು ಶಿಷ್ಯರಾದ ವೀರಸಾಗರ ಮುನಿಗಳಿಗೆ ಬಿಟ್ಟುಕೊಟ್ಟರು. ವೀರಸಾಗರರು ಆಗ ಚಾತುರ್ಮಾಸ್ಯದಲ್ಲಿದ್ದದ್ದು ಜೈಪುರದ ಖಾನಿಯಾದಲ್ಲಿ. ಮಳೆಗಾಲ, ಆದ್ದರಿಂದ ಗುರುಗಳ ಕೊನೆಯ ದರ್ಶನಕ್ಕೆ ಅವರು ಹೊರಡುವ ಹಾಗಿರಲಿಲ್ಲ. ಆದೇಶವೇ ಕುಂಥಲಗಿರಿಯಿಂದ ಜೈಪುರಕ್ಕೆ ಹೋಯಿತು. ಗುರುಗಳ ಹಿಂದೆ ಅವರೂ ಒಮ್ಮೆ ನಡೆದುಕೊಂಡೇ ಸೇರಿದ್ದ ಊರು ಅದು.