ಗಾಲ್ಟನ್: ಅವಳಿಗಳಲ್ಲಿ ಹುಟ್ಟುಗುಣ ಹುಡುಕಿದ ವಿಜ್ಞಾನಿ

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತದೆ ಒಂದು ಗಾದೆ. ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುತ್ತದೆ ಇನ್ನೊಂದು. ಮನುಷ್ಯನನ್ನು ರೂಪಿಸುವುದು ಹುಟ್ಟೋ ಬೆಳೆದ ಪರಿಸರವೋ ಎಂಬ ಈ ಹಳೆಯ ವಾದವನ್ನು ಅಳತೆ ಮತ್ತು ಲೆಕ್ಕಾಚಾರದ ಅಂಗಳಕ್ಕೆ ತಂದವರಲ್ಲಿ ಮೊದಲಿಗ ಇಂಗ್ಲೆಂಡಿನ ಸರ್ ಫ್ರಾನ್ಸಿಸ್ ಗಾಲ್ಟನ್. ಅದಕ್ಕೆ ಆತ ಕರೆದ ಸಾಕ್ಷಿಗಳು ಅವಳಿಗಳು.

1822ರ ಫೆಬ್ರುವರಿ 16ರಂದು ಬರ್ಮಿಂಗ್‌ಹ್ಯಾಂ ಬಳಿ ಶ್ರೀಮಂತ ಮನೆತನದಲ್ಲಿ ಗಾಲ್ಟನ್ ಜನಿಸಿದನು. ತಾಯಿಯ ತಂದೆ ಹೆಸರಾಂತ ವೈದ್ಯ ಎರಾಸ್ಮಸ್ ಡಾರ್ವಿನ್. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಸೋದರಸಂಬಂಧಿ. 1844ರಲ್ಲಿ ತಂದೆ ತೀರಿಕೊಂಡಾಗ ದೊಡ್ಡ ಆಸ್ತಿ ಕೈಸೇರಿತು, ವೈದ್ಯಕೀಯ ಓದು ಅಲ್ಲಿಗೇ ನಿಂತಿತು. 1850ರಿಂದ 1852ರವರೆಗೆ ಇಂದಿನ ನಮೀಬಿಯಾ ಪ್ರದೇಶದಲ್ಲಿ ಸಂಚರಿಸಿ, ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಚಿನ್ನದ ಪದಕ ಪಡೆದನು. ಕಂಡದ್ದನ್ನೆಲ್ಲ ಎಣಿಸುವುದು, ಅಳೆಯುವುದು ಆತನ ಜೀವನದ ಹವ್ಯಾಸವಾಯಿತು.

1869ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆತ ಪ್ರಖ್ಯಾತರ ವಂಶಾವಳಿಗಳನ್ನು ಕಲೆಹಾಕಿ, ಪ್ರತಿಭೆ ರಕ್ತದಲ್ಲೇ ಹರಿದುಬರುತ್ತದೆ ಎಂದು ವಾದಿಸಿದನು. ಆದರೆ ಪ್ರಖ್ಯಾತರ ಮಕ್ಕಳಿಗೆ ಹಣ, ವಿದ್ಯೆ, ಪ್ರಭಾವಗಳೂ ಬಳುವಳಿಯಾಗಿ ಬರುತ್ತವಲ್ಲವೇ? ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಅಲ್ಫೋನ್ಸ್ ದ ಕಂಡೋಲ್ 1873ರಲ್ಲಿ ಪರಿಸರದ ಪಾತ್ರವನ್ನು ಎತ್ತಿಹಿಡಿದು ಪುಸ್ತಕ ಬರೆದನು. ಹುಟ್ಟನ್ನೂ ಪೋಷಣೆಯನ್ನೂ ಬೇರ್ಪಡಿಸಿ ನೋಡುವ ದಾರಿ ಗಾಲ್ಟನ್‌ಗೆ ಬೇಕಾಗಿತ್ತು.

ಅವಳಿಗಳಿಗೂ ಅವರ ಬಂಧುಗಳಿಗೂ ಆತ ಪ್ರಶ್ನಾವಳಿ ಕಳುಹಿಸಿದನು. ತೀರಾ ಹೋಲುವ ಅವಳಿಗಳ ಬಗ್ಗೆ ಸುಮಾರು 80 ಉತ್ತರಗಳು ಬಂದವು. ಅವುಗಳಲ್ಲಿ 35 ವಿವರವಾಗಿದ್ದವು. ಹೋಲಿಕೆಯೇ ಇಲ್ಲದ 20 ಜೋಡಿಗಳ ವಿವರವೂ ದೊರೆಯಿತು. ಮೊದಲ ಗುಂಪಿನ ಅನೇಕರು ವಯಸ್ಸಾದರೂ ಹೋಲುತ್ತಲೇ ಇದ್ದರು. ಎರಡನೆಯ ಗುಂಪಿನವರು ಒಂದೇ ಮನೆಯಲ್ಲಿ ಬೆಳೆದರೂ ಒಂದೇ ಆಗಲಿಲ್ಲ. ಹುಟ್ಟಿನ ಬಲವೇ ಮೇಲು ಎಂದು 1875ರಲ್ಲಿ ಗಾಲ್ಟನ್ ತೀರ್ಪಿತ್ತನು. ಒಂದೇ ದೇಶದ, ಒಂದೇ ಅಂತಸ್ತಿನ ಜನರ ನಡುವೆ ಕಾಣುವಷ್ಟೇ ಪೋಷಣೆಯ ವ್ಯತ್ಯಾಸವಿದ್ದಾಗ ಮಾತ್ರ ಈ ಮಾತು ಸಲ್ಲುತ್ತದೆಂಬ ಷರತ್ತನ್ನೂ ಸೇರಿಸಿದ್ದನು. ತೀರ್ಪು ಜನರ ನೆನಪಿನಲ್ಲಿ ಉಳಿಯಿತು, ಷರತ್ತು ಮರೆತುಹೋಯಿತು.

1884ರ ಲಂಡನ್ ಆರೋಗ್ಯ ಪ್ರದರ್ಶನದಲ್ಲಿ ಆತನ ಅಳತೆಯ ಮಳಿಗೆ 9,000ಕ್ಕೂ ಹೆಚ್ಚು ಜನರ ಎತ್ತರ, ತೂಕ, ದೃಷ್ಟಿ, ಹಿಡಿತದ ಬಲವನ್ನು ದಾಖಲಿಸಿತು. ತೀರಾ ಎತ್ತರದ ತಂದೆತಾಯಿಯರ ಮಕ್ಕಳು ಸರಾಸರಿಯತ್ತ ಮರಳುತ್ತಾರೆಂದು 1886ರಲ್ಲಿ ಆತ ತೋರಿಸಿದನು. ಇಂದಿನ ಸಂಖ್ಯಾಶಾಸ್ತ್ರದಲ್ಲಿ ಈ ತತ್ತ್ವ ಗಟ್ಟಿಯಾಗಿ ನೆಲೆನಿಂತಿದೆ.

ಆತನ ತೀರ್ಪು ಅಪೂರ್ಣವೆಂಬುದಕ್ಕೆ ಆತನದೇ ಇನ್ನೊಂದು ಆಸಕ್ತಿಯಲ್ಲಿ ಪುರಾವೆ ಇತ್ತು. ಬಂಗಾಳದ ಹೂಗ್ಲಿಯಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ ಸಂಗ್ರಹಿಸಿದ್ದ ಬೆರಳಚ್ಚುಗಳ ನೆರವಿನಿಂದ, ಅವು ಜೀವನಪರ್ಯಂತ ಬದಲಾಗವೆಂದು 1892ರ ಗ್ರಂಥದಲ್ಲಿ ಗಾಲ್ಟನ್ ಸಾಧಿಸಿದನು. ಒಂದೇ ಅಂಡದಿಂದ ಹುಟ್ಟಿ, ಒಂದೇ ವಂಶವಾಹಿಗಳನ್ನು ಪಡೆದ ತದ್ರೂಪಿ ಅವಳಿಗಳ ಬೆರಳಚ್ಚೂ ಒಂದೇ ಅಲ್ಲ. ಒಟ್ಟು ವಿನ್ಯಾಸದಲ್ಲಿ ಹೋಲಿಕೆಯಿದ್ದರೂ ಗೆರೆಗಳು ಕವಲೊಡೆಯುವ, ಕೊನೆಗೊಳ್ಳುವ ಸ್ಥಾನಗಳು ಬೇರೆ. ಗರ್ಭದ ಮೂರನೆಯ ತಿಂಗಳಿನಿಂದ ಗೆರೆಗಳು ಮೂಡುವಾಗ ಬೆರಳಿನ ಬೆಳವಣಿಗೆಯ ವೇಗ, ಅದರ ಮೇಲಿನ ಒತ್ತಡ, ಶಿಶುವಿನ ಭಂಗಿಗಳಲ್ಲಿ ಆಗುವ ಸಣ್ಣ ವ್ಯತ್ಯಾಸವೇ ಇದಕ್ಕೆ ಕಾರಣ. ಪರಿಸರ ಮೊದಲಾಗುವುದು ತಾಯಿಯ ಗರ್ಭದಲ್ಲೇ.

ಹುಟ್ಟು ಮತ್ತು ಪರಿಸರ ಹೇಗೆ ಜೊತೆಗೂಡುತ್ತವೆಂಬುದನ್ನು ಕೆನಡಾದ ಕ್ವಿಬೆಕ್‌ನ ಸಂಶೋಧಕರು 1990ರಲ್ಲಿ ಪ್ರಕಟಿಸಿದರು. 12 ಜೋಡಿ ತದ್ರೂಪಿ ತರುಣರಿಗೆ 84 ದಿನ ತಲಾ 1,000 ಕ್ಯಾಲೊರಿ ಹೆಚ್ಚುವರಿ ಆಹಾರ ನೀಡಲಾಯಿತು. ಎಲ್ಲರ ತೂಕವೂ ಏರಿತು. ಆದರೆ ಕೆಲವರಲ್ಲಿ ಸುಮಾರು 4 ಕೆ.ಜಿ., ಕೆಲವರಲ್ಲಿ 13 ಕೆ.ಜಿ. ಒಂದೇ ಜೋಡಿಯ ಇಬ್ಬರ ಏರಿಕೆ ಮಾತ್ರ ಬಹುಮಟ್ಟಿಗೆ ಸಮೀಪವಾಗಿತ್ತು. ತೂಕ ಏರಿಸಿದ್ದು ಊಟ, ಎಷ್ಟೆಂದು ನಿರ್ಧರಿಸುವಲ್ಲಿ ವಂಶವಾಹಿಯ ಪಾಲು ದೊಡ್ಡದು.

ಈ ಹೆಣಿಗೆಯನ್ನು ಕಡೆಗಣಿಸಿದ್ದರ ಬೆಲೆ ಘೋರವಾಗಿತ್ತು. 1883ರಲ್ಲಿ ಗಾಲ್ಟನ್ ಸುಸಂತತಿ ಶಾಸ್ತ್ರಕ್ಕೆ ಹೆಸರಿಟ್ಟನು. ಯೋಗ್ಯರೆನಿಸಿದವರ ಸಂತಾನ ಹೆಚ್ಚಬೇಕೆಂಬುದು ಆತನ ಮುಖ್ಯ ಹಂಬಲ. ಅನುಯಾಯಿಗಳ ಕೈಯಲ್ಲಿ ಅದು ಅಯೋಗ್ಯರೆನಿಸಿದವರ ಸಂತಾನವನ್ನೇ ತಡೆಯುವ ಅಸ್ತ್ರವಾಯಿತು. ಅಮೆರಿಕದ ಇಂಡಿಯಾನಾ 1907ರಲ್ಲಿ ಬಲವಂತದ ಸಂತಾನಹರಣದ ಕಾನೂನು ತಂದಿತು. ನಾಜಿ ಜರ್ಮನಿಯ 1933ರ ಕಾನೂನಿನಡಿ ಸುಮಾರು 4 ಲಕ್ಷ ಜನ ಈ ಶಸ್ತ್ರಚಿಕಿತ್ಸೆಗೆ ಬಲಿಯಾದರು.

1909ರಲ್ಲಿ ಸರ್ ಪದವಿ ಪಡೆದ ಗಾಲ್ಟನ್ 1911ರ ಜನವರಿ 17ರಂದು ಕಣ್ಮುಚ್ಚಿದನು. ವಂಶದ ಮಹಿಮೆ ಸಾರಿದ ಆತನಿಗೆ ಮಕ್ಕಳಿರಲಿಲ್ಲ. ಆಸ್ತಿಯ ಬಹುಪಾಲು ಸುಸಂತತಿ ಶಾಸ್ತ್ರದ ಪೀಠಕ್ಕಾಗಿ ಲಂಡನ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಆ ಪೀಠಕ್ಕೆ ನೆಲೆ ಕೊಟ್ಟ ಯೂನಿವರ್ಸಿಟಿ ಕಾಲೇಜು 2020ರಲ್ಲಿ ತನ್ನ ಉಪನ್ಯಾಸ ಮಂದಿರದಿಂದ ಆತನ ಹೆಸರನ್ನು ತೆಗೆದುಹಾಕಿತು. ಅವಳಿಗಳ ಅಧ್ಯಯನ ಇಂದಿಗೂ ನಡೆದಿದೆ. ಅದು ಕೇಳುವ ಪ್ರಶ್ನೆ ಮಾತ್ರ ಬದಲಾಗಿದೆ: ಹುಟ್ಟೋ ಪರಿಸರವೋ ಎಂಬುದಲ್ಲ, ಎರಡೂ ಸೇರಿ ಹೇಗೆ ಎಂಬುದು.