ಮಸ್ತಿಷ್ಕದ ಕಾವಲನ್ನು ಕಂಡ ಮಹನೀಯ

ವಯಸ್ಸಾದವರಿಗೆ ಬರುವ ಮರೆವಿನ ರೋಗವನ್ನೂ ಕೈಕಾಲು ನಡುಗುವ ರೋಗವನ್ನೂ ಮುಪ್ಪಿನ ಸಹಜಫಲವೆಂದೆಣಿಸಿ ಜನರು ಬಹುಕಾಲ ಸುಮ್ಮನಿದ್ದರು. ಮೆದುಳಿನೊಳಗೇ ನಡೆಯುವ ಒಂದು ಬಗೆಯ ಉರಿಯೂತವೂ ಈ ವ್ಯಾಧಿಗಳಲ್ಲಿ ಪಾಲುಗೊಂಡಿರುವುದೆಂದು ವೈದ್ಯಶಾಸ್ತ್ರಜ್ಞರು ಈಗ ಕಂಡುಕೊಂಡಿದ್ದಾರೆ. ಈ ವಿಚಾರದ ಮೂಲವನ್ನರಸುತ್ತ ಹೋದರೆ ಸ್ಪೇನ್ ದೇಶದ ಪೀಯೋ ದೆಲ್ ರಿಯೋ ಓರ್ತೇಗನೆಂಬ ವಿದ್ವಾಂಸನ ಬಳಿಗೆ ಬಂದು ನಿಲ್ಲುತ್ತೇವೆ. ಆತನ ಚರಿತ್ರೆಯು ನಮ್ಮ ವಾಚಕರ ಗಮನಕ್ಕೆ ಅರ್ಹವಾದುದೆಂದು ನಾವು ಭಾವಿಸುತ್ತೇವೆ.

ಈತನು 1882ರಲ್ಲಿ ವಯ್ಯದೋಲಿದ್ ಪ್ರಾಂತದ ಪೋರ್ತಿಯ್ಯೋ ಎಂಬ ಚಿಕ್ಕ ಊರಿನಲ್ಲಿ ಜನಿಸಿ, ವಯ್ಯದೋಲಿದ್ ನಗರದಲ್ಲಿ ವೈದ್ಯವಿದ್ಯೆಯನ್ನು ಕಲಿತು, ಮ್ಯಾಡ್ರಿಡ್ಡಿಗೆ ಬಂದು ನಿಕೊಲಾಸ್ ಆಚೂಕಾರೋ ಎಂಬ ತರುಣ ವಿದ್ವಾಂಸನ ಶಿಷ್ಯನಾದನು. ಆಚೂಕಾರೋ 1918ರಲ್ಲಿ ಅಕಾಲಮೃತ್ಯುವಿಗೆ ತುತ್ತಾದನು. ಆಗ ಸ್ಪೇನಿನ ವಿಜ್ಞಾನಲೋಕಕ್ಕೆಲ್ಲ ಗುರುಸ್ಥಾನದಲ್ಲಿದ್ದವನು ರಮೋನ್ ಈ ಕಹಾಲ್. 1906ರಲ್ಲಿ ನೋಬೆಲ್ ಪಾರಿತೋಷಕವನ್ನು ಪಡೆದ ಮಹಾಪುರುಷನು. ಮೆದುಳಿನ ಕಣಗಳಲ್ಲಿ ನರಕಣಗಳು ಮೊದಲನೆಯ ವರ್ಗ, ನಕ್ಷತ್ರಾಕಾರದ ಪೋಷಕ ಕಣಗಳು ಎರಡನೆಯ ವರ್ಗ, ಉಳಿದುವೆಲ್ಲವೂ ಮೂರನೆಯ ವರ್ಗವೆಂದು ಕಹಾಲನು 1913ರಲ್ಲಿ ವಿಂಗಡಿಸಿದ್ದನು. ಈ ಮೂರನೆಯದರ ಸ್ವರೂಪವು ಆತನಿಗೂ ಸ್ಪಷ್ಟವಾಗಿರಲಿಲ್ಲ.

ಓರ್ತೇಗನು ಬೆಳ್ಳಿಯ ಲವಣದಿಂದ ಬಣ್ಣಗಟ್ಟುವ ಹೊಸ ವಿಧಾನವೊಂದನ್ನು ರಚಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಆ ಒಂದು ವರ್ಗದೊಳಗೆ ಎರಡು ಜಾತಿಗಳು ಬೇರೆಬೇರೆಯಾಗಿ ಕಂಡುವು. 1919ರಲ್ಲಿ ಒಂದಕ್ಕೆ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟನು. ಇನ್ನೊಂದಕ್ಕೆ 1921ರಲ್ಲಿ ಆಲಿಗೋಡೆಂಡ್ರೋಗ್ಲಿಯಾ ಎಂಬ ಹೆಸರು ಬಂದಿತು. ಮೈಕ್ರೋಗ್ಲಿಯಾ ಕಣಗಳು ನೆಮ್ಮದಿಯ ಕಾಲದಲ್ಲಿ ಕೊಂಬೆಗಳನ್ನು ಚಾಚಿಕೊಂಡಿರುತ್ತವೆ. ಮೆದುಳಿಗೆ ಪೆಟ್ಟೋ ಉರಿಯೂತವೋ ಉಂಟಾದರೆ ಕೊಂಬೆಗಳನ್ನು ಒಳಸೆಳೆದುಕೊಂಡು, ದುಂಡಗಾಗಿ, ಆ ಸ್ಥಳಕ್ಕೆ ಸರಿದು ಸತ್ತ ಕಣಗಳ ಚೂರುಗಳನ್ನು ನುಂಗುತ್ತವೆ. ನಗರದ ಕಾವಲುಗಾರನೂ ಜಾಡಮಾಲಿಯೂ ಒಂದೇ ದೇಹದಲ್ಲಿ ಸೇರಿದಂತೆ ಇವುಗಳ ವೃತ್ತಿ.

ಆದರೆ ಈ ಸಾಧನೆಯಿಂದ ಗುರುವಿನ ಸಂತೋಷವು ದೊರೆಯಲಿಲ್ಲ. ಮೈಕ್ರೋಗ್ಲಿಯಾವನ್ನು ಮೊದಲು ಕಂಡ ಕೀರ್ತಿಯನ್ನು ಕಹಾಲನು ಸ್ಕಾಟ್ಲೆಂಡಿನ ರಾಬರ್ಟ್‌ಸನ್ ಎಂಬವನಿಗೆ ಸಲ್ಲಿಸಿದನು. ಮನಸ್ತಾಪವು ಬೆಳೆದು, 1920ರಲ್ಲಿ ಓರ್ತೇಗನು ಆ ಪ್ರಯೋಗಶಾಲೆಯಿಂದ ಹೊರಬೀಳಬೇಕಾಯಿತು. ಮ್ಯಾಡ್ರಿಡ್ಡಿನ ವಿದ್ಯಾರ್ಥಿನಿವಾಸವೊಂದರಲ್ಲಿ ಸಣ್ಣ ಶಾಲೆಯನ್ನು ಹೂಡಿ ಆತನು ಕೆಲಸವನ್ನು ಮುಂದುವರಿಸಿದನು. ಪೆನ್‌ಫೀಲ್ಡನೆಂಬ ಪ್ರಸಿದ್ಧ ಶಸ್ತ್ರವೈದ್ಯನು 1924ರಲ್ಲಿ ಅಲ್ಲಿಗೇ ಬಂದು ಕಲಿತು ಆತನ ಶೋಧವನ್ನು ದೃಢಪಡಿಸಿದನು. ದೊಡ್ಡವರ ಅಭಿಪ್ರಾಯವೆಂಬ ಒಂದೇ ಕಾರಣಕ್ಕೆ ಸತ್ಯವು ಬದಲಾಗುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧವು ಹೊತ್ತಿತು. ಪ್ಯಾರಿಸ್, ಆಕ್ಸ್‌ಫರ್ಡ್ ನಗರಗಳಲ್ಲಿ ಆಶ್ರಯ ಪಡೆದು, 1940ರಲ್ಲಿ ಸಾಗರವನ್ನು ದಾಟಿ ಬ್ಯೂನಸ್ ಐರಿಸ್ ನಗರವನ್ನು ಸೇರಿದ ಓರ್ತೇಗನು ಅಲ್ಲಿಯೂ ಶಿಷ್ಯರನ್ನು ಕೂಡಿಸಿಕೊಂಡು ದುಡಿದನು. ತಾಯ್ನಾಡನ್ನು ಮತ್ತೆ ಕಾಣದೆ 1945ರ ಜೂನ್ 1ರಂದು ಅಲ್ಲಿಯೇ ದೇಹತ್ಯಾಗ ಮಾಡಿದನು. ನೋಬೆಲ್ ಪಾರಿತೋಷಕಕ್ಕೆ ಆತನ ಹೆಸರು ಸೂಚಿತವಾಗಿದ್ದರೂ ಅದು ಕೈಗೂಡಲಿಲ್ಲ.

ಆತನ ಶೋಧವು ಕೆಲವು ದಶಕಗಳ ಕಾಲ ಮೂಲೆಯಲ್ಲಿದ್ದು ಮತ್ತೆ ಬೆಳಕಿಗೆ ಬಂದಿತು. ಪಾರ್ಕಿನ್‌ಸನ್ ರೋಗದಿಂದ ಮಡಿದವರ ಮೆದುಳಿನಲ್ಲಿ ಕೆರಳಿದ ಮೈಕ್ರೋಗ್ಲಿಯಾ ಕಣಗಳಿರುವುದನ್ನು 1988ರಲ್ಲಿ ಕೆನಡಾದ ಸಂಶೋಧಕರು ತೋರಿಸಿದರು. ಈ ಕಣಗಳಲ್ಲಿ ಕೆಲಸಮಾಡುವ ಒಂದು ಜೀನಿನ ವ್ಯತ್ಯಾಸದಿಂದ ಆಲ್ಜೈಮರ್ ಎಂಬ ಮರೆವಿನ ರೋಗದ ಸಂಭವವು ಹೆಚ್ಚುವುದೆಂದು 2013ರಲ್ಲಿ ಪ್ರಕಟವಾಯಿತು. ಕಾಯುವ ಕಣವೇ ಮಿತಿಮೀರಿ ಕೆರಳಿದರೆ ಮನೆಯನ್ನು ಕೆಡಿಸಬಲ್ಲದು. ತೀರ ಸೋತು ಮಲಗಿದರೂ ಹಾನಿಯೇ. ಅದನ್ನು ಹದದಲ್ಲಿಡುವ ಉಪಾಯವನ್ನೇ ವಿದ್ವಾಂಸರು ಹುಡುಕುತ್ತಿದ್ದಾರೆ.

1986ರಲ್ಲಿ ಓರ್ತೇಗನ ಅಸ್ಥಿಗಳನ್ನು ವಯ್ಯದೋಲಿದ್ ನಗರಕ್ಕೆ ತಂದು ಗೌರವದಿಂದ ಸಮಾಧಿ ಮಾಡಿದರು. ಅಸ್ಥಿಗೆ ಸಲ್ಲಿಸಿದ ಮರ್ಯಾದೆಯನ್ನು ಜೀವಂತನಿಗೆ ಸಲ್ಲಿಸಲು ಆ ದೇಶಕ್ಕೆ ಆಗಲಿಲ್ಲ. ವಿದ್ವಾಂಸರನ್ನು ಪಡೆದ ಯಾವ ದೇಶವಾದರೂ ಈ ಮಾತನ್ನು ಸಕಾಲದಲ್ಲಿ ನೆನೆಯುವುದು ಶ್ರೇಯಸ್ಕರವೆಂದು ನಾವು ಬಗೆಯುತ್ತೇವೆ.