ಬೆರಳಿಗೆ ಒಗ್ಗಿದ ಅಕ್ಷರ

ವೆಬ್ ಪುಟಗಳನ್ನು ಸ್ಕ್ರೀನ್ ರೀಡರ್ ಹಾಕಿ ಪರೀಕ್ಷಿಸುವುದು ನನ್ನ ಕೆಲಸದ ಒಂದು ಭಾಗ. ಕಣ್ಣಿಗೆ ಚೆಂದ ಕಂಡ ಪುಟ ಕಿವಿಗೆ ಬರೀ ಬಟನ್, ಬಟನ್ ಎಂದು ಕೇಳಿಸಿದಾಗಲೆಲ್ಲ ಲೂಯಿ ಬ್ರೈಲ್ ನೆನಪಾಗುತ್ತಾರೆ.

1809ರ ಜನವರಿ 4ರಂದು ಪ್ಯಾರಿಸ್ ಹತ್ತಿರದ ಕೂವ್ರೆ ಎಂಬ ಊರಲ್ಲಿ ಹುಟ್ಟಿದರು. ತಂದೆ ಕುದುರೆ ಜೀನು ಹೊಲಿಯುವವರು. ಮೂರರ ಮಗುವಿನ ಒಂದು ಕಣ್ಣಿಗೆ ಚರ್ಮ ಚುಚ್ಚುವ ದಬ್ಬಣ ತಗುಲಿತು. ಸೋಂಕು ಹರಡಿ ಎರಡೂ ಕಣ್ಣು ಹೋದವು. ಹತ್ತಕ್ಕೆ ಪ್ಯಾರಿಸ್‌ನ ಅಂಧರ ಶಾಲೆ. ಅಲ್ಲಿನ ಪುಸ್ತಕಗಳಲ್ಲಿ ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿದ್ದರು. ಕಣ್ಣಿದ್ದವರಿಗೆ ಸುಲಭ, ಬೆರಳಿಗೆ ಕಷ್ಟ! ಸೇನೆಯಲ್ಲಿದ್ದ ಬಾರ್ಬಿಯೇ ರೂಪಿಸಿದ್ದ 12 ಚುಕ್ಕಿಗಳ ಲಿಪಿಯನ್ನು ಈ ಹುಡುಗ 6ಕ್ಕೆ ಇಳಿಸಿ, ಬೆರಳ ತುದಿಯಡಿ ಒಂದಕ್ಷರ ಕೂರುವಂತೆ ಮಾಡಿದಾಗ 1824, ವಯಸ್ಸು 15. ಮುಂದೆ ಅದೇ ಶಾಲೆಯಲ್ಲಿ ಮೇಷ್ಟ್ರಾದರು, ಚರ್ಚಿನಲ್ಲಿ ಆರ್ಗನ್ ನುಡಿಸಿದರು. ಆದರೂ 1840ರ ಸುಮಾರಿಗೆ ಶಾಲೆಯ ಮುಖ್ಯಸ್ಥರು ಆ ಲಿಪಿಯನ್ನು ಬದಿಗೊತ್ತಿದರು. ಮಕ್ಕಳು ಬಿಡಲಿಲ್ಲ, ಕದ್ದುಮುಚ್ಚಿ ಅದರಲ್ಲೇ ಬರೆದುಕೊಂಡರಂತೆ. 1852ರಲ್ಲಿ, 43ನೇ ವಯಸ್ಸಿಗೆ, ಕ್ಷಯ ಅವರನ್ನು ಒಯ್ದಿತು. ಫ್ರಾನ್ಸ್ ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ.

ಭಾರತಿ ಬ್ರೈಲ್‌ನಲ್ಲಿ ನಮ್ಮ ಕನ್ನಡದ ಕ, ಹಿಂದಿಯ ಕ ಎರಡಕ್ಕೂ ಅವೇ ಚುಕ್ಕಿಗಳು. ಕಂಪ್ಯೂಟರಿಗೆ ಜೋಡಿಸುವ ಬ್ರೈಲ್ ಡಿಸ್‌ಪ್ಲೇ ಮೇಲೆ ಬೆರಳಾಡಿಸಿ ಇಂದಿನ ವಿದ್ಯಾರ್ಥಿಗಳು ವೆಬ್ ಪುಟ ಓದುತ್ತಾರೆ. ಹೆಸರಿಡದ ಬಟನ್ ಅಲ್ಲೂ ಬರೀ ಬಟನ್ನೇ. ಕಳೆದ ತಿಂಗಳು ಅಂಥ ಮೂರನ್ನು ನಾನೇ ಬಿಟ್ಟಿದ್ದೆ.